ಹೆಸರಿಲ್ಲದ ಮಾತ್ರೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಆಡಿದ ಮಾತು)



ಚೆಕ್ ವಿತರಣೆಗೆ ಮೊದಲು ಒಂದು ವಿಷಯ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ‘ಬಡವರಿಗೆ ಕೊಡಿ’ ಎಂದು ಕೆಲವರು ನಮ್ಮ ಕಚೇರಿಗೆ ತರುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ನಾವು ತೆಗೆದುಕೊಳ್ಳುವುದಿಲ್ಲ. ಡಬ್ಬಿಯಲ್ಲಿರುವ ಬಿಳಿ ಗುಂಡು ಮಾತ್ರೆ ಬಿ.ಪಿ.ಯದೋ ಸಕ್ಕರೆ ಕಾಯಿಲೆಯದೋ ಎಂದು ಬರೀ ನೋಡಿ ಹೇಳಲು ವೈದ್ಯರಿಗೂ ಆಗದು.

ಅಮೆರಿಕದಲ್ಲಿ 1990ರ ದಶಕದಿಂದ ಮಾತ್ರೆಯ ಮೇಲೆಯೇ ಗುರುತಿನ ಅಕ್ಷರ, ಅಂಕಿ ಅಚ್ಚಾಗಿರಬೇಕೆಂಬ ನಿಯಮವಿದೆ. ನಮ್ಮಲ್ಲಿ ಹೆಸರಿರುವುದು ಸ್ಟ್ರಿಪ್ಪಿನ ಮೇಲೆ. ಹೊರತೆಗೆದ ಅನೇಕ ಮಾತ್ರೆಗಳಲ್ಲಿ ನಡುವಿನ ಗೀರು ಬಿಟ್ಟರೆ ಬೇರೇನೂ ಇರುವುದಿಲ್ಲ. ಒಂದೇ ಔಷಧ ಒಂದು ಕಂಪನಿಯದು ಬಿಳಿ, ಇನ್ನೊಂದರದು ಗುಲಾಬಿ. ಮೊಬೈಲಿನಲ್ಲಿ ಫೋಟೋ ಹುಡುಕಿ ‘ಇದೇ ಅದು’ ಎಂದು ನಿರ್ಧರಿಸಬೇಡಿ.

ರಂಜಾನಿನಲ್ಲಿ ಈ ಗೊಂದಲ ಹೆಚ್ಚು. ಸಹರಿಗೊಂದು, ಇಫ್ತಾರಿಗೊಂದು ಎಂದು ಎಲ್ಲವನ್ನೂ ಬಿಡಿಸಿ ಒಂದೇ ಡಬ್ಬಿಗೆ ಹಾಕುತ್ತೇವೆ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವಂಥದ್ದು. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಕೂಡ ಸಣ್ಣ ಹಳದಿ ಮಾತ್ರೆಯೇ ಆಗಿರಬಹುದು. ಅದಲುಬದಲಾಗಿ ಮೆಥೋಟ್ರೆಕ್ಸೇಟನ್ನು ದಿನಾ ನುಂಗಿದರೆ ಬಾಯಿಹುಣ್ಣು, ರಕ್ತಕಣಗಳ ಕುಸಿತ, ಪ್ರಾಣಕ್ಕೂ ಅಪಾಯ.

ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು, ಅವಧಿ ಮುಗಿಯುವ ದಿನಾಂಕ ನಿಮ್ಮ ತುಂಡಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಬಿಲ್ ಕೇಳಿ ಪಡೆಯಿರಿ, ಬ್ಯಾಚ್ ನಂಬರ್ ಅದರಲ್ಲಿರುತ್ತದೆ. ಮನೆಯಲ್ಲಿ ಗುರುತು ಸಿಗದ ಮಾತ್ರೆ ಇದ್ದರೆ ಹಳೆಯ ಚೀಟಿ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಖಾಲಿ ಸ್ಟ್ರಿಪ್ ಎಲ್ಲವನ್ನೂ ಫಾರ್ಮಸಿಸ್ಟ್ ಬಳಿ ಒಯ್ದು ತೋರಿಸಿ. ಅವರಿಗೂ ಖಚಿತವಾಗದಿದ್ದರೆ ಅದು ಯಾರಿಗೂ ಬೇಡ. ಬೆಲೆ ಎಷ್ಟಾದರೂ ಆಗಿರಲಿ.

ತಾಯಂದಿರು ಇದನ್ನು ಗಮನವಿಟ್ಟು ಕೇಳಿ. ಅಜ್ಜಿಯ ಗ್ಲಿಮೆಪಿರೈಡ್ ಒಂದೇ ಮಾತ್ರೆ ಮಗು ನುಂಗಿದರೂ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು, ಅದೂ ಹಲವು ಗಂಟೆಗಳ ನಂತರ. ‘ಚೆನ್ನಾಗೇ ಆಡುತ್ತಿದ್ದಾನೆ’ ಎಂದು ಕಾಯಬೇಡಿ, ವಾಂತಿ ಮಾಡಿಸಲೂ ಹೋಗಬೇಡಿ. 108ಕ್ಕೆ ಕರೆ ಮಾಡಿ, ಉಳಿದ ಮಾತ್ರೆ, ಸ್ಟ್ರಿಪ್ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಔಷಧಿಗೆ ನೆರವಾಗಬಯಸುವ ದಾನಿಗಳು ಮಾತ್ರೆಯ ಬದಲು ಹಣವನ್ನೇ ಕೊಡಿ. ರೋಗಿಯ ಚೀಟಿ ನೋಡಿ ಅಂಗಡಿಯ ಬಿಲ್ಲನ್ನು ನಾವು ನೇರವಾಗಿ ಕಟ್ಟುತ್ತೇವೆ.