ಯಾರೂ ಆಡದ ನಡೆ: ಬಿಳಿ ಕಾಯಿಗೆ ಲಾಭವೋ, ನಷ್ಟವೋ?

ಇವತ್ತಿನ ಸಂಚಿಕೆ ಚೆಸ್ ಬಗ್ಗೆ. ಯಾರು ಗೆದ್ದರು, ಯಾರ ರೇಟಿಂಗ್ ಎಷ್ಟಾಯ್ತು ಅನ್ನೋದನ್ನೆಲ್ಲ ಪಕ್ಕಕ್ಕಿಟ್ಟು ಆಟದ ಮೊದಲ ಐದಾರು ನಡೆಗಳ ಬಗ್ಗೆ ಮಾತ್ರ ಮಾತಾಡೋಣ. ಒಂದೇ ಒಂದು ಸೂಚನೆ. ಕಾಯಿಗಳ ಹೆಸರು ಊರಿಂದೂರಿಗೆ ಬದಲಾಗುತ್ತೆ. ಹಾಗಾಗಿ ಈ ಮಾತುಕತೆಯಲ್ಲಿ ಆನೆ ಅಂದ್ರೆ ಮೂಲೆಯಲ್ಲಿ ನಿಲ್ಲೋ ರೂಕ್, ಒಂಟೆ ಅಂದ್ರೆ ಓರೆಯಾಗಿ ಓಡೋ ಬಿಷಪ್ ಅಂತ ಇಟ್ಟುಕೊಳ್ಳಿ.

ಬಿಳಿ ಕಾಯಿ ಹಿಡಿದು ಕೂತವರಿಗೆ ಮೊದಲ ನಡೆಗೆ ಎಷ್ಟು ದಾರಿ ಇದೆ? ಎಂಟು ಪಾನ್‌ಗಳು, ಪ್ರತಿಯೊಂದೂ ಒಂದು ಮನೆ ಅಥವಾ ಎರಡು ಮನೆ ಹೋಗಬಹುದು. ಅಲ್ಲಿಗೆ 16. ಎರಡು ಕುದುರೆಗಳಿಗೆ ತಲಾ ಎರಡರಂತೆ 4. ಒಟ್ಟು 20. ಆದರೆ ದೊಡ್ಡ ಟೂರ್ನಿಗಳನ್ನು ನೋಡಿ. ಹೆಚ್ಚುಕಮ್ಮಿ ಎಲ್ಲ ಆಟಗಳೂ ನಾಲ್ಕೇ ನಡೆಗಳಲ್ಲಿ ಶುರುವಾಗುತ್ತವೆ: ಇ4, ಡಿ4, ಸಿ4, ಇಲ್ಲವೇ ಕುದುರೆ ಎಫ್3. ಉಳಿದ 16ರ ಗತಿ ಏನು? ಅವನ್ನು ಆಡೋದು ಜಾಣತನವೋ, ಹುಡುಗಾಟವೋ?

ಈ ಪ್ರಶ್ನೆ ಈಗ ಸುಮ್ಮನೆ ಬಂದಿದ್ದಲ್ಲ. ಮೊಬೈಲಿನಲ್ಲೇ ಬಲವಾದ ಎಂಜಿನ್ ಇರೋ ಕಾಲ ಇದು. ಹತ್ತು ವರ್ಷದ ಹುಡುಗಿ ವಾರಾಂತ್ಯದ ಟೂರ್ನಿಗೆ ಹೋದರೆ, ಎದುರಿಗೆ ಕೂತ ಹುಡುಗ ಮೊದಲ ಹದಿನೈದು ನಡೆಯನ್ನು ಮಗ್ಗಿ ಒಪ್ಪಿಸಿದ ಹಾಗೆ ಆಡಿಬಿಡ್ತಾನೆ. ಅದಕ್ಕೇ ಅಪ್ಪ ಅಮ್ಮಂದಿರು ಕೋಚ್‌ಗಳನ್ನು ಕೇಳ್ತಾರೆ: 'ಸರ್, ಯಾರಿಗೂ ಗೊತ್ತಿಲ್ಲದ ಒಂದು ಓಪನಿಂಗ್ ಹೇಳಿಕೊಡಿ.'

ಉತ್ತರ ಕೊಡೋ ಮುಂಚೆ ಬಿಳಿಯ ಬಂಡವಾಳ ಎಷ್ಟು ಅಂತ ನೋಡೋಣ. ಮೊದಲು ನಡೆಸೋ ಹಕ್ಕಿನಿಂದ ಬಿಳಿಗೆ ಸಣ್ಣದೊಂದು ಅನುಕೂಲ ಇದೆ. ನುರಿತ ಆಟಗಾರರ ಆಟಗಳಲ್ಲಿ ಬಿಳಿ ಗಳಿಸೋದು ಶೇ 52ರಿಂದ 56ರಷ್ಟು ಅಂಕ. ವಿಚಿತ್ರ ಓಪನಿಂಗ್ ಆಡೋದು ಅಂದ್ರೆ ಈ ಬಂಡವಾಳದಲ್ಲಿ ಸ್ವಲ್ಪ ಖರ್ಚು ಮಾಡೋದು. ಖರ್ಚು ಮಾಡಿ ಏನು ಕೊಂಡುಕೊಂಡಿರಿ ಅನ್ನೋದೇ ಮುಖ್ಯ ಪ್ರಶ್ನೆ.

ಮೊದಲ ಉದಾಹರಣೆ, ಜಿ4. ಇದಕ್ಕೆ ಗ್ರೋಬ್ ಅಂತ ಹೆಸರು. ಸ್ವಿಟ್ಜರ್‌ಲ್ಯಾಂಡಿನ ಹೆನ್ರಿ ಗ್ರೋಬ್ ಪತ್ರಿಕೆಯ ಓದುಗರ ಜೊತೆ ಅಂಚೆ ಮೂಲಕ ಇದನ್ನು ಮತ್ತೆ ಮತ್ತೆ ಆಡಿದವರು. ಕಪ್ಪು ಡಿ5 ಆಡುತ್ತೆ, ಬಿಳಿ ಒಂಟೆಯನ್ನು ಜಿ2ಗೆ ತರುತ್ತೆ. ಕಪ್ಪಿನ ಒಂಟೆ ಖುಷಿಯಿಂದ ಜಿ4ರ ಪಾನ್ ಹೊಡೆಯುತ್ತೆ. ಆಗ ಬಿಳಿ ಸಿ4 ಅಂತ ಇನ್ನೊಂದು ಪಾನ್ ಮುಂದಿಡುತ್ತೆ. ಕಪ್ಪು ಆಸೆಪಟ್ಟು ಅದನ್ನೂ ಹೊಡೆದರೆ ಜಿ2ರ ಒಂಟೆಗೆ ಓರೆದಾರಿ ತೆರೆದುಕೊಳ್ಳುತ್ತೆ. ಅದು ಬಿ7ರ ಪಾನ್ ತಿಂದು ಮೂಲೆಯ ಆನೆಯ ಮೇಲೆ ಬೀಳುತ್ತೆ.

ಮಜವಾಗಿದೆ. ಆದರೆ ಕಪ್ಪು ಸಿ6 ಅಂತ ಶಾಂತವಾಗಿ ಒಂದು ನಡೆ ಇಟ್ಟರೆ ದಾರಿ ಮುಚ್ಚಿಹೋಯ್ತು. ಬಿಳಿಗೆ ಒಂದು ಪಾನ್ ಕಮ್ಮಿ, ರಾಜನ ಪಕ್ಕದ ಗೋಡೆಯಲ್ಲಿ ತೂತು. ಅಂದ್ರೆ ಇದು ಬಲೆ. ಎದುರಾಳಿ ತಪ್ಪು ಮಾಡಿದರೆ ಮಾತ್ರ ಲಾಭ. ಅವನಿಗೆ ಉತ್ತರ ಗೊತ್ತಾದ ದಿನ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ.

ಎರಡನೆಯದು ಬಿ4. ಇದರ ಹೆಸರಿನ ಕತೆ ಚೆನ್ನಾಗಿದೆ. 1924ರ ನ್ಯೂಯಾರ್ಕ್ ಟೂರ್ನಿ ವೇಳೆ ಆಟಗಾರರು ಬ್ರಾಂಕ್ಸ್ ಮೃಗಾಲಯಕ್ಕೆ ಹೋಗಿದ್ದರು. ಅಲ್ಲಿ ಸೂಸನ್ ಅನ್ನೋ ಒರಾಂಗುಟಾನ್ ಇತ್ತು. ಟಾರ್ಟಕೋವರ್ ತಮಾಷೆಗೆ ಅದರ 'ಸಲಹೆ' ಕೇಳಿ, ಮಾರೋಚಿ ವಿರುದ್ಧ ಬಿ4 ಆಡಿದರು. ಆಟ ಸೋತರು. ಒರಾಂಗುಟಾನ್ ಓಪನಿಂಗ್ ಅನ್ನೋ ಹೆಸರು ಮಾತ್ರ ಉಳಿಯಿತು. ಇದರ ಒಳಗಿನ ವ್ಯಾಪಾರ ನೋಡಿ. ಕಪ್ಪು ಇ5 ಆಡುತ್ತೆ, ಬಿಳಿ ಒಂಟೆಯನ್ನು ಬಿ2ಗೆ ಇಡುತ್ತೆ. ಕಪ್ಪು ಬಿ4ರ ಪಾನ್ ಹೊಡೆದರೆ ಬಿಳಿ ಇ5ರ ಪಾನ್ ಹೊಡೆಯುತ್ತೆ. ಬದಿಯ ಪಾನ್ ಕೊಟ್ಟು ನಡುವಿನ ಪಾನ್ ತಗೊಂಡ ಹಾಗಾಯ್ತು. ಅದಕ್ಕೆ ತೆರೋ ಬೆಲೆ ಅಂದ್ರೆ ಕಪ್ಪಿನ ಕಾಯಿಗಳು ಬೇಗ ಹೊರಗೆ ಬರ್ತವೆ. ಇಲ್ಲಿ ಬಲೆ ಇಲ್ಲ, ಕೊಡುಕೊಳ್ಳುವಿಕೆ ಇದೆ. ಎದುರಾಳಿ ಸರಿಯಾಗಿ ಆಡಿದರೂ ನಿಮಗೆ ಆಡೋದಕ್ಕೆ ಆಟ ಉಳಿದಿರುತ್ತೆ.

ಮೂರನೆಯದು ಬಿ3, ಡೆನ್ಮಾರ್ಕಿನ ಬೆಂಟ್ ಲಾರ್ಸೆನ್ ಹೆಸರಿನದು. 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಸೋವಿಯತ್ ಒಕ್ಕೂಟ ಮತ್ತು ಉಳಿದ ವಿಶ್ವದ ನಡುವೆ ಪಂದ್ಯ ನಡೆಯಿತು. ಮೊದಲ ಬೋರ್ಡಿನಲ್ಲಿ ವಿಶ್ವ ಚಾಂಪಿಯನ್ ಸ್ಪಾಸ್ಕಿ ಎದುರು ಲಾರ್ಸೆನ್ ಬಿ3 ಆಡಿ, ಬರೀ 17 ನಡೆಗಳಲ್ಲಿ ಸೋತರು. ಅಲ್ಲಿಗೆ ಬಿ3 ಕತೆ ಮುಗೀತು ಅಂದ್ಕೋಬೇಕಲ್ವಾ? ಆದರೆ ಅದೇ ತಂಡದ ಎರಡನೇ ಬೋರ್ಡಿನಲ್ಲಿ ಕೂತಿದ್ದ ಬಾಬಿ ಫಿಶರ್, ಅದೇ ವರ್ಷದ ಕೊನೆಗೆ ಪಾಲ್ಮಾ ಇಂಟರ್‌ಜೋನಲ್‌ನಲ್ಲಿ ಬ್ರೆಜಿಲ್‌ನ ಮೆಕಿಂಗ್ ವಿರುದ್ಧ ಬಿ3 ಆಡಿ ಗೆದ್ದರು.

ಎರಡೂ ಆಟ ಪಕ್ಕಪಕ್ಕ ಇಟ್ಟು ನೋಡಿ. ಲಾರ್ಸೆನ್ ಮೊದಲ ಆರು ನಡೆಗಳಲ್ಲಿ ಮೂರನ್ನು ಒಂದೇ ಕುದುರೆಗೆ ಖರ್ಚು ಮಾಡಿದರು. ಕೊನೆಗೆ ಆ ಕುದುರೆಯೂ ಬೋರ್ಡಿನಿಂದ ಹೋಯ್ತು. ಫಿಶರ್ ಕುದುರೆ, ಒಂಟೆ ಹೊರತಂದು ಆರನೇ ನಡೆಗೆ ಕ್ಯಾಸ್ಲಿಂಗ್ ಮುಗಿಸಿದ್ದರು. ಮೊದಲ ನಡೆ ಒಂದೇ, ಆಮೇಲಿನ ಶಿಸ್ತು ಬೇರೆ. ವಿಚಿತ್ರ ನಡೆ ಇಟ್ಟವರಿಗೆ ಸಾಮಾನ್ಯ ನಿಯಮಗಳಿಂದ ರಿಯಾಯಿತಿ ಸಿಗಲ್ಲ. ಒಂದು ನಡೆ ಆಗಲೇ ಖರ್ಚಾಗಿರೋದ್ರಿಂದ ನಿಯಮ ಇನ್ನೂ ಬಿಗಿಯಾಗುತ್ತೆ.

ಇನ್ನು ನಮ್ಮ ಉಪಖಂಡದ ಒಂದು ಉದಾಹರಣೆ. ಮೀರ್ ಸುಲ್ತಾನ್ ಖಾನ್, ಅವಿಭಜಿತ ಪಂಜಾಬಿನವರು. ಅವರು ಕಲಿತದ್ದು ದೇಸಿ ನಿಯಮದ ಚದುರಂಗ. ಅದರಲ್ಲಿ ಪಾನ್ ಮೊದಲ ಸಲವೂ ಒಂದೇ ಮನೆ ಹೋಗುತ್ತೆ. 1929ರಲ್ಲಿ ಇಂಗ್ಲೆಂಡಿಗೆ ಹೋದವರು ಆ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದರು. ಆಮೇಲೆ 1932 ಮತ್ತು 1933ರಲ್ಲೂ ಗೆದ್ದರು. ಹೇಸ್ಟಿಂಗ್ಸ್‌ನ 1930–31ರ ಟೂರ್ನಿಯಲ್ಲಿ, ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಎದುರು ಅವರ ಐದನೇ ನಡೆ ಎ3. ಮೂಲೆಯ ಪಾನ್, ಒಂದೇ ಒಂದು ಮನೆ! ನೋಡಿದವರಿಗೆ ಸಮಯ ಹಾಳು ಮಾಡಿದ ಹಾಗೆ ಕಾಣಬಹುದು. ಆದರೆ ಅದಕ್ಕೆ ಒಂದು ಕೆಲಸ ಇತ್ತು. ಕಪ್ಪಿನ ಒಂಟೆ ಬಿ4ಗೆ ಬಂದು ಬಿಳಿಯ ಕುದುರೆಯನ್ನು ಕಟ್ಟಿಹಾಕದಂತೆ ತಡೆಯೋದು. ಕಾಪಾಬ್ಲಾಂಕಾ ಸೋತರು. ಮುಂದೆ ಇದೇ ಎ3 ಪೆಟ್ರೋಸಿಯನ್ ಹೆಸರಿನ ಪದ್ಧತಿಯಾಯ್ತು, 1980ರ ದಶಕದಲ್ಲಿ ಕಾಸ್ಪರೋವ್ ಕೈಯಲ್ಲಿ ಎಲ್ಲರೂ ಹೆದರೋ ಅಸ್ತ್ರವಾಯ್ತು. ಸುಲ್ತಾನ್ ಖಾನ್ ಅವರಿಗೆ ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿದ್ದು ಮಾತ್ರ 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ.

ಹಾಗಾದ್ರೆ ನಾವು ಏನು ಆಡಬಹುದು? ಕ್ಲಬ್ ಮಟ್ಟದಲ್ಲಿ ಪ್ರಯತ್ನಿಸೋಕೆ ನನ್ನ ಸಲಹೆ, ಜಾರ್ಜಿಯಾದ ಜೊಬಾವಾ ಮತ್ತು ಹಂಗೇರಿಯ ರಾಪೋರ್ಟ್ ಹೆಸರಿನ ಪದ್ಧತಿ. ಡಿ4, ಆಮೇಲೆ ಕುದುರೆ ಸಿ3, ಆಮೇಲೆ ಒಂಟೆ ಎಫ್4. ಯೋಚನೆ ಇಷ್ಟೇ: ಕುದುರೆ ಬಿ5ಗೆ ಹಾರಿದರೆ ಅದೂ ಒಂಟೆಯೂ ಸೇರಿ ಸಿ7ರ ಮೇಲೆ ಕಣ್ಣಿಡ್ತವೆ. ಕುದುರೆ ಅಲ್ಲಿಗೆ ಬಂದ್ರೆ ರಾಜನಿಗೆ ಚೆಕ್, ಆನೆಗೂ ಏಟು. ಅದನ್ನು ತಡೆಯೋಕೆ ಕಪ್ಪು ಎ6 ಥರದ ನಡೆಗೆ ಸಮಯ ಕೊಡಬೇಕು, ಇಲ್ಲವೇ ತನ್ನ ಕುದುರೆಯನ್ನು ಬದಿಗೆ ಕಳಿಸಬೇಕು. ಬೆಲೆಯೂ ಇದೆ. ಸಿ3ರ ಕುದುರೆ ನಿಮ್ಮ ಸಿ ಪಾನ್‌ಗೆ ಅಡ್ಡ ನಿಲ್ಲುತ್ತೆ, ಹಾಗಾಗಿ ಸಿ4 ಆಡಿ ನಡುವೆ ಒತ್ತಡ ಹಾಕೋಕಾಗಲ್ಲ. ಆದರೂ ಕಪ್ಪು ಎಲ್ಲ ಸರಿಯಾಗಿ ಆಡಿದರೂ ನೀವು ಕೆಡೋದಿಲ್ಲ.

ಯಾವ ವಿಚಿತ್ರ ಓಪನಿಂಗ್ ಸಿಕ್ಕಿದ್ರೂ ಈ ಮೂರು ಪ್ರಶ್ನೆ ಕೇಳಿ. ಒಂದು, ಇದರ ಯೋಚನೆಯನ್ನು ಒಂದೇ ವಾಕ್ಯದಲ್ಲಿ ಹೇಳೋಕಾಗುತ್ತಾ? ಎರಡು, ನಾನು ಏನು ಬಿಟ್ಟುಕೊಡ್ತಿದ್ದೀನಿ? ಮೂರು, ಎದುರಾಳಿಗೆ ಸರಿ ಉತ್ತರ ಗೊತ್ತಿದ್ರೂ ನಾನು ಆಡಬಲ್ಲೆನಾ? ಮೂರನೇ ಪ್ರಶ್ನೆಗೆ 'ಇಲ್ಲ' ಅಂತ ಬಂದ್ರೆ ಕೈಬಿಡಿ.

ಅತಿ ದೊಡ್ಡ ವೇದಿಕೆಯಲ್ಲೂ ಇದೇ ಲೆಕ್ಕ. 2023ರ ವಿಶ್ವ ಚಾಂಪಿಯನ್‌ಷಿಪ್, ಅಸ್ತಾನಾ. ನೆಪೋಮ್‌ನಿಯಾಚಿ ಎದುರು ಎರಡನೇ ಆಟದಲ್ಲಿ ಡಿಂಗ್ ಲಿರೆನ್ ನಾಲ್ಕನೇ ನಡೆಗೇ ಎಚ್3 ಆಡಿದರು. ಎಲ್ಲರೂ ಬೆರಗಾದರು, ಆದರೆ ಡಿಂಗ್ ಸೋತರು. ಆರನೇ ಆಟದಲ್ಲಿ ಲಂಡನ್ ಪದ್ಧತಿ, 12ನೇ ಆಟದಲ್ಲಿ ಕೋಲೆ ಪದ್ಧತಿ. ಎರಡೂ ಮುಖ್ಯ ದಾರಿಯಿಂದ ಪಕ್ಕಕ್ಕಿರೋ, ಸದ್ದಿಲ್ಲದ ಓಪನಿಂಗ್‌ಗಳು. ಎರಡರಲ್ಲೂ ಡಿಂಗ್ ಗೆದ್ದರು, ಕೊನೆಗೆ ಟೈಬ್ರೇಕ್‌ನಲ್ಲಿ ಕಿರೀಟವೂ ಸಿಕ್ಕಿತು.

ಮಕ್ಕಳ ವಿಷಯದಲ್ಲಿ ಒಂದು ಮಾತು. ಮೊದಲು ಇ4, ಡಿ4 ಕಲಿಸಿ ಅಂತ ಕೋಚ್‌ಗಳು ಹೇಳೋದು ಸರಿಯೇ. ನಡುವಿನ ಮನೆಗಳ ಬೆಲೆ ಗೊತ್ತಿಲ್ಲದ ಮಗು ಅದನ್ನು ಬಿಟ್ಟುಕೊಟ್ಟರೆ ಅದು ವ್ಯಾಪಾರ ಆಗಲ್ಲ, ಕಳಕೊಂಡ ಹಾಗೆ. ಬೆಲೆ ಗೊತ್ತಾದ ಮೇಲೆ ಒಂದು ಬೇರೆ ದಾರಿ ಕೊಡಿ. ಹತ್ತು ಆಟ ಆಡಲಿ. ಪ್ರತಿ ಆಟದಲ್ಲೂ ಎಲ್ಲಿ 'ಮುಂದೇನು' ಅಂತ ಗೊತ್ತಾಗಲಿಲ್ಲವೋ ಆ ನಡೆಯನ್ನು ಪುಸ್ತಕದಲ್ಲಿ ಗುರುತು ಹಾಕಲಿ. ಬಾಯಿಪಾಠ ಮುಗಿದು ಯೋಚನೆ ಶುರುವಾಗೋದು ಆ ಜಾಗದಲ್ಲೇ.

ನಿಮ್ಮ ಮೆಚ್ಚಿನ ವಿಚಿತ್ರ ನಡೆ ಯಾವುದು ಅಂತ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.