ಎಲ್ಲರ ಕೈಗೆ ಕಾವ್ಯ: ಲೈಪ್‌ಜಿಗ್‌ನ ರೆಕ್ಲಾಮ್ ಮಾಡಿದ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಬಿ.ಇ. ಮಾಡಿ ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲಪ್ಪ, ಕಂಪ್ಯೂಟರ್ ಬಗ್ಗೆ ಮಾತಾಡು" ಎಂದರು. ಕಂಪ್ಯೂಟರ್ ವಿಷಯ ಈ ಮಕ್ಕಳಿಗೆ ನಮಗಿಂತ ಬೇಗ ಗೊತ್ತಾಗುತ್ತದೆ. ಹಾಗಾಗಿ ನಾನು ಪುಸ್ತಕ ಅಚ್ಚು ಹಾಕಿ ಮಾರಿದ ಒಬ್ಬ ವ್ಯಾಪಾರಿಯ ವಿಷಯ ಹೇಳುತ್ತೇನೆ. ಇದಕ್ಕೊಂದು ಕಾರಣವಿದೆ. ಮಹೋತ್ಸವದ ಖರ್ಚು ಕಳೆದು ಉಳಿಯುವ ಹಣವನ್ನು ಏನು ಮಾಡಬೇಕು ಎಂಬ ಚರ್ಚೆ ನಡೆಯುತ್ತಿದೆ. ಶಾಲೆಯ ಮುಂದೆ ಕಮಾನು ಕಟ್ಟಿಸೋಣ ಎನ್ನುವವರಿದ್ದಾರೆ. ಗ್ರಂಥಾಲಯಕ್ಕೆ ಕೊಡೋಣ ಎನ್ನುವವರಿದ್ದಾರೆ. ನಾನು ಎರಡನೆಯ ಗುಂಪಿನವನು. ಆದರೆ ಗ್ರಂಥಾಲಯ ಎಂದರೆ ಇನ್ನೊಂದು ಗಾಡ್ರೆಜ್ ಬೀರು, ಅದಕ್ಕೊಂದು ಬೀಗ ಎಂದಾಗಬಾರದು. ಇದನ್ನು ಹೇಳಲು ಈ ವ್ಯಾಪಾರಿಯ ಕಥೆ ಅನುಕೂಲವಾಗುತ್ತದೆ.

ಅವನ ಹೆಸರು ಆಂಟನ್ ಫಿಲಿಪ್ ರೆಕ್ಲಾಮ್. 1807ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಹುಟ್ಟಿದ. ಆ ಊರು ಆಗ ಜರ್ಮನ್ ಪುಸ್ತಕ ವ್ಯಾಪಾರಕ್ಕೆ ತವರು. ತಂದೆಯೂ ಪುಸ್ತಕ ವ್ಯಾಪಾರಿ. ಮಗ 1828ರಲ್ಲಿ, ಇನ್ನೂ ಇಪ್ಪತ್ತೊಂದು ತುಂಬುವ ಮೊದಲೇ, ಬಾಡಿಗೆಗೆ ಪುಸ್ತಕ ಕೊಡುವ ಒಂದು ವಾಚನಾಲಯವನ್ನು ಕೊಂಡ. ಕೈಯಲ್ಲಿ ಕಾಸಿಲ್ಲದವರು ಪುಸ್ತಕಕ್ಕೆ ಹೇಗೆ ಹಾತೊರೆಯುತ್ತಾರೆ ಎಂಬುದನ್ನು ಅವನು ಅಲ್ಲಿ ದಿನವೂ ಕಂಡಿರಬೇಕು. ಆಮೇಲೆ ಪ್ರಕಾಶನ ಶುರುಮಾಡಿದ, ಸ್ವಂತ ಮುದ್ರಣಾಲಯವನ್ನೂ ಕೊಂಡ. ಅವನೇನೂ ಹೆದರುಪುಕ್ಕಲನಲ್ಲ. ಧರ್ಮವನ್ನು ವಿಚಾರಕ್ಕೆ ಒಡ್ಡುವ ಥಾಮಸ್ ಪೈನ್‌ನ ಪುಸ್ತಕವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ್ದಕ್ಕೆ 1840ರ ದಶಕದಲ್ಲಿ ಅವನಿಗೆ ಜೈಲು ಶಿಕ್ಷೆಯಾಯಿತು.

ಆದರೆ ಇಂದು ಅವನ ಹೆಸರು ಉಳಿದಿರುವುದು ಅರವತ್ತನೆಯ ವಯಸ್ಸಿನಲ್ಲಿ ಶುರುಮಾಡಿದ ಕೆಲಸದಿಂದ.

ಆಗ ಗಯಟೆ, ಷಿಲ್ಲರ್ ಮುಂತಾದ ದೊಡ್ಡ ಕವಿಗಳ ಕೃತಿಗಳ ಹಕ್ಕು ಕೆಲವೇ ಪ್ರಕಾಶಕರ ಕೈಯಲ್ಲಿತ್ತು. ಈ ಇಬ್ಬರ ಕೃತಿಗಳು ಕೋಟಾ ಎಂಬ ಸಂಸ್ಥೆಯ ಸ್ವತ್ತು. ಕವಿ ತೀರಿಹೋಗಿ ಎಷ್ಟೋ ವರ್ಷವಾಗಿದ್ದರೂ ಬೇರೆಯವರು ಅಚ್ಚು ಹಾಕುವಂತಿರಲಿಲ್ಲ. ಶಾಲೆಯಲ್ಲಿ ಹೆಸರು ಕೇಳಿದ ಕವಿಯ ಪುಸ್ತಕ ಕೂಲಿಕಾರನ ಮಗನಿಗೆ ಕೊಳ್ಳಲಾಗದ ಬೆಲೆಯಲ್ಲಿತ್ತು. 1856ರಲ್ಲಿ ಜರ್ಮನ್ ರಾಜ್ಯಗಳ ಒಕ್ಕೂಟ ಒಂದು ನಿರ್ಣಯ ಮಾಡಿತು. 1837ರ ನವೆಂಬರ್ 9ಕ್ಕೆ ಮೊದಲು ತೀರಿಹೋದ ಲೇಖಕರ ಕೃತಿಗಳ ಹಕ್ಕು 1867ರ ನವೆಂಬರ್ 9ಕ್ಕೆ ಮುಗಿಯುತ್ತದೆ ಎಂದು. ಷಿಲ್ಲರ್ ತೀರಿಹೋದದ್ದು 1805ರಲ್ಲಿ, ಗಯಟೆ 1832ರಲ್ಲಿ. ಎಂದರೆ ಆ ಒಂದು ದಿನದ ನಂತರ ಇವರೆಲ್ಲ ಊರಿನ ಕೆರೆಯ ನೀರಿನಂತೆ ಎಲ್ಲರಿಗೂ ಸೇರಿದವರು.

ಈ ದಿನಾಂಕ ಎಲ್ಲ ಪ್ರಕಾಶಕರಿಗೂ ಗೊತ್ತಿತ್ತು. ಬರ್ಲಿನ್‌ನ ಹೆಂಪೆಲ್ ಮುಂತಾದವರೂ ಅಗ್ಗದ ಮಾಲೆಗಳನ್ನು ತಂದರು. ಅಂಥ ಮಾಲೆಗಳ ಪದ್ಧತಿ ಎಂದರೆ ಚಂದಾದಾರನಾಗಬೇಕು, ಕಂತು ಕಂತಾಗಿ ತರಿಸಿಕೊಳ್ಳಬೇಕು. ನಮ್ಮಲ್ಲಿ ಚೀಟಿ ಹಾಕಿದ ಹಾಗೆ. ತಿಂಗಳ ಸಂಬಳ ಬರುವವನಿಗೆ ಅದು ಸರಿ. ಇವತ್ತು ಕೂಲಿ ಸಿಕ್ಕಿ ನಾಳೆ ಸಿಗದವನಿಗೆ?

ರೆಕ್ಲಾಮ್ ಬೇರೆ ದಾರಿ ಹಿಡಿದ. 1867ರ ನವೆಂಬರ್ 10ರ ಹೊತ್ತಿಗೆ 'ಯೂನಿವರ್ಸಲ್ ಬಿಬ್ಲಿಯೊಥೆಕ್', ಎಂದರೆ ಸಾರ್ವತ್ರಿಕ ಗ್ರಂಥಮಾಲೆ, ಹೊರಟಿತು. ಮೊದಲೆರಡು ಸಂಖ್ಯೆ ಗಯಟೆಯ ಫೌಸ್ಟ್ ಕಾವ್ಯನಾಟಕದ ಎರಡು ಭಾಗಗಳು. ಮೂರನೆಯದು ಲೆಸಿಂಗ್‌ನ ನಾಟಕ. ನಾಲ್ಕನೆಯದು ಕ್ಯೋರ್ನರ್ ಎಂಬ ಕವಿಯ ಪದ್ಯಸಂಗ್ರಹ. ಮಕ್ಕಳೇ, ಆ ಕವಿ ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಸತ್ತಾಗ ಅವನಿಗೆ 21 ವರ್ಷ. ಐದನೆಯದು ಷೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್. ಒಂದೊಂದರ ಬೆಲೆ ಎರಡು ಬೆಳ್ಳಿ ಗ್ರೋಶನ್. ಮೂವತ್ತು ಗ್ರೋಶನ್ ಸೇರಿದರೆ ಒಂದು ಥಾಲರ್. ಒಂದು ಥಾಲರ್‌ಗೆ ಹದಿನೈದು ಪುಸ್ತಕ ಎಂದಾಯಿತು. ಫೌಸ್ಟ್‌ನ ಮೊದಲ 5,000 ಪ್ರತಿಗಳು ಕೆಲವೇ ವಾರಗಳಲ್ಲಿ ಮುಗಿದು ಮತ್ತೆ ಅಚ್ಚು ಹಾಕಬೇಕಾಯಿತು.

ಇಷ್ಟು ಅಗ್ಗ ಹೇಗಾಯಿತು? ನನ್ನಂಥ ಎಂಜಿನಿಯರ್‌ಗೆ ಕುತೂಹಲ ಇರುವುದು ಇಲ್ಲಿ.

ಮೊದಲನೆಯದು, ಸ್ಟೀರಿಯೋಟೈಪ್. ಆಗ ಪುಟವನ್ನು ಒಂದೊಂದೇ ಸೀಸದ ಮೊಳೆ ಜೋಡಿಸಿ ಕಟ್ಟುತ್ತಿದ್ದರು. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಬೇರೆ ಪುಸ್ತಕಕ್ಕೆ ಬಳಸಬೇಕು. ಮತ್ತೆ ಅದೇ ಪುಸ್ತಕ ಬೇಕೆಂದರೆ ಮೊದಲಿನಿಂದ ಜೋಡಿಸಬೇಕು, ಕೂಲಿ ಇನ್ನೊಮ್ಮೆ, ತಪ್ಪುಗಳೂ ಹೊಸದಾಗಿ. ಸ್ಟೀರಿಯೋಟೈಪ್‌ನಲ್ಲಿ ಜೋಡಿಸಿದ ಪುಟದ ಮೇಲೆ ಒತ್ತಿ ಒಂದು ಅಚ್ಚು ತೆಗೆದು, ಅದರಲ್ಲಿ ಕರಗಿದ ಲೋಹ ಹೊಯ್ದು, ಇಡೀ ಪುಟದ ಒಂದೇ ತಗಡು ಮಾಡುತ್ತಾರೆ. ತಗಡನ್ನು ಉಗ್ರಾಣದಲ್ಲಿಟ್ಟರೆ ಬೇಕೆಂದಾಗ ಬೇಕಾದಷ್ಟೇ ಪ್ರತಿ ತೆಗೆಯಬಹುದು. ನಮ್ಮ ಕೆಲಸದಲ್ಲಿ ಪ್ರೋಗ್ರಾಂ ಒಮ್ಮೆ ಸರಿಯಾಗಿ ಬರೆದರೆ ಎಷ್ಟು ಸಲ ಬೇಕಾದರೂ ಓಡಿಸುವಂತೆ, ದುಡಿಮೆ ಒಂದು ಸಲ, ಫಲ ಹಲವು ಸಲ.

ಎರಡನೆಯದು, ಒಂದೇ ಅಳತೆ. ಎಲ್ಲ ಪುಸ್ತಕವೂ ಜೇಬಿಗೆ ಹೋಗುವಷ್ಟು ಚಿಕ್ಕದು, ಕಾಗದದ ಹೊದಿಕೆ. ಕಾಗದ, ಕತ್ತರಿಕೆ, ಹೊಲಿಗೆ ಎಲ್ಲ ಒಂದೇ ಲೆಕ್ಕ. ದಪ್ಪ ಪುಸ್ತಕವಾದರೆ ಎರಡು ಸಂಖ್ಯೆ, ಎರಡರಷ್ಟು ಬೆಲೆ. ಸಂಖ್ಯೆ ನೋಡಿದರೆ ಬೆಲೆ ತಿಳಿಯಿತು, ಯಾರನ್ನೂ ಕೇಳಬೇಕಾಗಿಲ್ಲ. ಅಂಗಡಿಯಲ್ಲಿ ಬೆಲೆ ಕೇಳಲು ಸಂಕೋಚಪಟ್ಟು ವಾಪಸು ಬಂದ ಅನುಭವ ಇರುವವರಿಗೆ ಇದರ ಬೆಲೆ ಗೊತ್ತು.

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಪ್ರತಿ ಪುಸ್ತಕವನ್ನೂ ಬಿಡಿಯಾಗಿ ಮಾರಿದ. ಇಡೀ ಮಾಲೆ ಕೊಳ್ಳಬೇಕೆಂಬ ಕಟ್ಟುಪಾಡಿಲ್ಲ. ಈ ವಾರ ಪದ್ಯ ಬೇಕಾದವನು ಪದ್ಯ ಕೊಂಡ, ನಾಟಕ ಬೇಕಾದವಳು ನಾಟಕ ಕೊಂಡಳು. ಬಡವನಿಗೆ ಓದಲು ಏನು ಕೊಡಬೇಕೆಂದು ಬೇರೆಯವರು ನಿರ್ಧರಿಸುವುದೇ ಹೆಚ್ಚು. ರೆಕ್ಲಾಮ್‌ನ ಬಿಡಿ ಪುಸ್ತಕ ಆಯ್ಕೆಯನ್ನು ಓದುಗನ ಕೈಗೇ ಕೊಟ್ಟಿತು. ಓಡುವ ಪುಸ್ತಕ ಕುಂಟುವ ಪುಸ್ತಕವನ್ನು ಹೆಗಲ ಮೇಲೆ ಹೊತ್ತು ನಡೆಯಿತು.

ನಾಣ್ಯ ಬದಲಾಗಿ ಮಾರ್ಕ್ ಬಂದಾಗ ಎರಡು ಗ್ರೋಶನ್ ಎಂದರೆ 20 ಫೆನಿಗ್ ಆಯಿತು. ಆ ಬೆಲೆ 1917ರವರೆಗೆ, ಸುಮಾರು ಐವತ್ತು ವರ್ಷ, ಏರಲಿಲ್ಲ. ನಮ್ಮ ಶಾಲೆಗೆ ಆಗಿರುವಷ್ಟು ವಯಸ್ಸು! 1896ರಲ್ಲಿ ರೆಕ್ಲಾಮ್ ತೀರಿಕೊಂಡಾಗ ಮಾಲೆ ಮೂರು ಸಾವಿರ ಸಂಖ್ಯೆಗಳನ್ನು ದಾಟಿತ್ತು. ಮಗ ಹಾನ್ಸ್ ಹೈನ್‌ರಿಷ್ ಅದನ್ನು ಮುಂದುವರಿಸಿದ. 1912ರಿಂದ ರೈಲು ನಿಲ್ದಾಣ, ಆಸ್ಪತ್ರೆಗಳಲ್ಲಿ ಕಾಸು ಹಾಕಿದರೆ ಪುಸ್ತಕ ಬೀಳುವ ಯಂತ್ರಗಳೂ ಬಂದವು.

ಈ ಮಾಲೆಗೂ ನಮಗೂ ಒಂದು ನಂಟಿದೆ. ಕಾಳಿದಾಸನ ಶಾಕುಂತಲ ನಾಟಕ ಜರ್ಮನ್ ಭಾಷೆಗೆ 1791ರಲ್ಲೇ ಹೋಗಿತ್ತು. ಅದನ್ನು ಓದಿ ಗಯಟೆ ಬೆರಗಾದ. ನಮ್ಮ ನಾಟಕಗಳಲ್ಲಿ ಸೂತ್ರಧಾರ ಮೊದಲು ಬಂದು ಮಾತಾಡುತ್ತಾನಲ್ಲ, ಫೌಸ್ಟ್‌ನ ಆರಂಭದಲ್ಲಿರುವ ರಂಗಭೂಮಿಯ ದೃಶ್ಯಕ್ಕೆ ಅದೇ ಪ್ರೇರಣೆ ಎಂದು ವಿದ್ವಾಂಸರು ಹೇಳುತ್ತಾರೆ. ಮುಂದೆ ಶಾಕುಂತಲದ ಜರ್ಮನ್ ಅನುವಾದವೂ ರೆಕ್ಲಾಮ್ ಮಾಲೆಯಲ್ಲಿ ಅಗ್ಗದ ಬೆಲೆಗೆ ಬಂತು. ರೆಕ್ಲಾಮ್‌ಗೆ ಸಮಕಾಲೀನನಾದ ಇನ್ನೊಬ್ಬ ಜರ್ಮನ್, ಹರ್ಮನ್ ಮೋಗ್ಲಿಂಗ್, ಮಂಗಳೂರಿನಲ್ಲಿ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಓಲೆಗರಿಯಿಂದ ಕಾಗದಕ್ಕೆ ಬಂದದ್ದರಲ್ಲಿ ಅವನ ಪಾಲು ದೊಡ್ಡದು. ನಂತರ 1950ರ ದಶಕದಲ್ಲಿ ನಮ್ಮ ಸರ್ಕಾರವೇ ಕುವೆಂಪು ಮತ್ತು ಮಾಸ್ತಿಯವರಿಂದ ಸಂಪಾದನೆ ಮಾಡಿಸಿ ಕುಮಾರವ್ಯಾಸ ಭಾರತವನ್ನು ಸುಲಭ ಬೆಲೆಗೆ ಹಂಚಿತು. ಆ ದಪ್ಪ ಪುಸ್ತಕ ನಮ್ಮ ಊರಿನ ಕೆಲವು ಮನೆಗಳ ಗೂಡಿನಲ್ಲಿ ಈಗಲೂ ಇದೆ. ಅಗ್ಗದ ಬೆಲೆ ಏನು ಮಾಡಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ.

ರೆಕ್ಲಾಮ್ ಮಾಲೆಯ ದಾರಿ ಸುಗಮವಾಗಿಯೇ ಇರಲಿಲ್ಲ. ಹಿಟ್ಲರನ ಕಾಲದಲ್ಲಿ ಹೈನೆಯಂಥ ಯಹೂದಿ ಮೂಲದ ಕವಿಗಳನ್ನು ಪಟ್ಟಿಯಿಂದ ತೆಗೆದುಹಾಕಿದರು. ಜನರ ನಾಲಿಗೆಯ ಮೇಲಿದ್ದ ಕವಿ ಅಂಗಡಿಯಿಂದ ಮಾಯವಾದ. ಅದೇ ಕಾಲದಲ್ಲಿ ಹಿಟ್ಲರ್ ವಿರೋಧಿಗಳು ತಮ್ಮ ಗುಪ್ತ ಕರಪತ್ರಗಳಿಗೆ ರೆಕ್ಲಾಮ್ ಹೊದಿಕೆ ಹಾಕಿ ಹಂಚಿದ್ದೂ ಉಂಟು. ಯಾರ ಜೇಬಿನಲ್ಲಿದ್ದರೂ ಸಂಶಯ ಬಾರದ ಪುಸ್ತಕ ಅದು! 1943ರ ಡಿಸೆಂಬರ್‌ನಲ್ಲಿ ಬಾಂಬ್ ದಾಳಿಗೆ ಲೈಪ್‌ಜಿಗ್‌ನ ಪುಸ್ತಕ ಬೀದಿಗಳು ಸುಟ್ಟುಹೋದವು. ಯುದ್ಧದ ನಂತರ ದೇಶದಂತೆ ಸಂಸ್ಥೆಯೂ ಎರಡಾಯಿತು. ಆದರೂ ಮಾಲೆ ನಿಲ್ಲಲಿಲ್ಲ. ಕಂಪನಿಯ ಕೆಲಸದ ಮೇಲೆ ನಾನು ಕೆಲವು ತಿಂಗಳು ಜರ್ಮನಿಯಲ್ಲಿದ್ದಾಗ ಆ ಚಿಕ್ಕ ಹಳದಿ ಪುಸ್ತಕಗಳನ್ನು ಕಂಡೆ. ಜೊತೆಗೆ ಕೆಲಸ ಮಾಡುವ ಒಬ್ಬರ ಮನೆಯಲ್ಲಿ ಅವರು ಶಾಲೆಯಲ್ಲಿ ಓದಿದ ಪ್ರತಿ ಇನ್ನೂ ಇತ್ತು. ಅಂಚಿನಲ್ಲಿ ಪೆನ್ಸಿಲ್ ಗೀಟು, ಮೊದಲ ಪುಟದಲ್ಲಿ ಹುಡುಗನ ಅಕ್ಷರದಲ್ಲಿ ಅವರ ಹೆಸರು. ಗ್ರಂಥಾಲಯದ ಪುಸ್ತಕದಲ್ಲಿ ಗೀಟು ಎಳೆದರೆ ದಂಡ. ಸ್ವಂತ ಪುಸ್ತಕದಲ್ಲಿ ಎಳೆದರೆ ಅದೇ ಓದು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಹೋದ ವರ್ಷ ಕಳೆದು 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ, ಬಿ.ಎಂ.ಶ್ರೀಯವರು 1946ರಲ್ಲಿ, ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಪದ್ಯಗಳು ಈಗ ಎಲ್ಲರ ಸ್ವತ್ತು. ವಚನಕಾರರು, ದಾಸರು, ಸರ್ವಜ್ಞ, ಕುಮಾರವ್ಯಾಸ, ಲಕ್ಷ್ಮೀಶ ಇವರಿಗಂತೂ ಯಾರ ಅಪ್ಪಣೆಯೂ ಬೇಡ. ಈಚಿನ ಸಂಪಾದಕರು ಬರೆದ ಪೀಠಿಕೆ, ಟಿಪ್ಪಣಿಗಳನ್ನು ಮಾತ್ರ ಕೇಳದೆ ಎತ್ತಬಾರದು. ಬೇಂದ್ರೆ, ಕುವೆಂಪು ಅವರ ಹಕ್ಕು ಇನ್ನೂ ಇದೆ. ಅವರ ಪುಸ್ತಕಗಳನ್ನು ದುಡ್ಡು ಕೊಟ್ಟೇ ತರೋಣ.

ನನ್ನ ಸೂಚನೆ ಇಷ್ಟೆ. ವರ್ಷಕ್ಕೊಂದು 64 ಪುಟದ ಪದ್ಯಪುಸ್ತಕವನ್ನು ನಮ್ಮ ಶಾಲೆಯೇ ಹೊರತರಲಿ. ಹದಿನಾರು ಪುಟದ ನಾಲ್ಕು ಫಾರಂ, ಹೆಚ್ಚಿನ ಖರ್ಚಿಲ್ಲ. ಪದ್ಯಗಳ ಆಯ್ಕೆಯಲ್ಲಿ ಮಕ್ಕಳೂ ಇರಲಿ. ಕಠಿಣ ಪದಗಳ ಅರ್ಥವನ್ನು ನಮ್ಮ ಕನ್ನಡ ಮೇಷ್ಟ್ರುಗಳು, ನಿವೃತ್ತರಾದವರೂ ಸೇರಿ, ಬರೆದುಕೊಡಲಿ. ಟೈಪ್ ಮಾಡುವುದು, ಪುಟ ಕಟ್ಟುವುದು, ಕರಡು ತಿದ್ದುವುದು ನಾವು ಹಳೆಯ ವಿದ್ಯಾರ್ಥಿಗಳ ಕೆಲಸ. ನನ್ನ ಪಾಲಿನದನ್ನು ಈಗಲೇ ಒಪ್ಪಿಕೊಳ್ಳುತ್ತೇನೆ. ಎಂಟನೇ ತರಗತಿಗೆ ಸೇರಿದ ಮಗು ಹತ್ತು ಮುಗಿಸಿ ಹೋಗುವಾಗ ಮೂರು ಪುಸ್ತಕ ಅದರ ಸ್ವಂತದ್ದಾಗಿರಬೇಕು. ವಾಪಸು ಕೇಳಬಾರದು. ರಿಜಿಸ್ಟರ್‌ನಲ್ಲಿ ಬರೆಸಿಕೊಳ್ಳಬಾರದು.

"ಎಲ್ಲ ಮೊಬೈಲ್‌ನಲ್ಲೇ ಸಿಗುತ್ತದಲ್ಲ" ಎಂದು ನೀವು ಕೇಳಬಹುದು. ಸಿಗುತ್ತದೆ. ಕನ್ನಡ ವಿಕಿಸೋರ್ಸ್‌ನಂಥ ಕಡೆ ಹಳೆಯ ಕೃತಿಗಳು ಪುಕ್ಕಟೆಯಾಗಿವೆ, ನಮ್ಮ ಪುಸ್ತಕಕ್ಕೆ ಅವೂ ನೆರವಾಗುತ್ತವೆ. ಆದರೆ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಮೊಬೈಲ್. ಅದು ಹಗಲೆಲ್ಲ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಮನೆಯಲ್ಲಿ ಉಳಿದ ಹುಡುಗಿಯ ಕೈಗೆ ಏನಿದೆ ಎಂಬುದು ನನ್ನ ಪ್ರಶ್ನೆ.

ಕಮಾನು ಕಟ್ಟುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಅದಕ್ಕೂ ಕೊಡುವವರು ಕೊಡಲಿ. ಮೊದಲ ಹಣ ಮಾತ್ರ ಮಕ್ಕಳ ಕೈಗೆ ಹೋಗುವ ಪುಸ್ತಕಕ್ಕೆ ಸಲ್ಲಲಿ ಎಂದು ಸಮಿತಿಯ ಹಿರಿಯರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ರೆಕ್ಲಾಮ್ ಈ ಕೆಲಸ ಶುರುಮಾಡಿದಾಗ ಅವನಿಗೆ ಅರವತ್ತು. ನಮ್ಮ ಶಾಲೆಗೆ ಇನ್ನೂ ಐವತ್ತು.