ತೆರೆದಿಟ್ಟ ಹಿತ್ತಲ ಬಾಗಿಲು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಮನೆ, ಕಚೇರಿಗಳ ಗಣಕಜಾಲದೊಳಗೆ ಹೇಳದೆ ಕೇಳದೆ ನುಸುಳುವ ಕಡತ ಹಂಚಿಕೆಯ ತಂತ್ರಾಂಶಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ಪಂಡಿತನಲ್ಲ, ಪುಣೆಯ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಗಣಕಯಂತ್ರಗಳ ಉಸ್ತುವಾರಿ ನೋಡಿಕೊಂಡಿದ್ದವನು. ಪೆಟ್ಟು ತಿಂದು ಕಲಿತದ್ದನ್ನಷ್ಟೇ ನಿವೇದಿಸುತ್ತೇನೆ.

2004ರ ಮಾತು. ಮಧ್ಯಾಹ್ನವಾಯಿತೆಂದರೆ ನಮ್ಮ ಅಂತರ್ಜಾಲ ಸಂಪರ್ಕ ತೆವಳತೊಡಗುತ್ತಿತ್ತು. ಹುಡುಕಿದಾಗ ಸಿಕ್ಕಿದ್ದು ಕಜಾ ಎಂಬ ತಂತ್ರಾಂಶ. ಅದಕ್ಕೂ ಮೊದಲು, 1999ರಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಹಾಡುಗಳ ಸೂಚಿಯನ್ನು ಕೇಂದ್ರ ಸರ್ವರುಗಳಲ್ಲಿಟ್ಟು, 2001ರಲ್ಲಿ ಅಮೆರಿಕದ ನ್ಯಾಯಾಲಯದ ಆದೇಶಕ್ಕೆ ಸಿಕ್ಕಿ ನಿಂತುಹೋಗಿತ್ತು. ಕಜಾಕ್ಕೆ ಅಂತಹ ಕೇಂದ್ರವೇ ಇರಲಿಲ್ಲ. ಬಳಸುವವರ ಯಂತ್ರಗಳೇ ತಮ್ಮತಮ್ಮೊಳಗೆ ಕೊಟ್ಟು ಕೊಳ್ಳುತ್ತಿದ್ದವು. ಅದು 1214ನೆಯ ಪೋರ್ಟಿನ ಮೂಲಕ ಸಾಗುತ್ತದೆಂದು ತಿಳಿದು, ಫೈರ್‌ವಾಲಿನಲ್ಲಿ ಆ ಬಾಗಿಲಿಗೆ ಅಗುಳಿ ಹಾಕಿ, ಗೆದ್ದೆನೆಂದು ಬೀಗಿದೆ. ಮರುದಿನ ಅದೇ ಪಾಡು. ಅದರ ಹೊಸ ಆವೃತ್ತಿ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟುತ್ತಿತ್ತು. ಕೊನೆಗೆ, ಎಲ್ಲರೂ ಜಾಲತಾಣ ನೋಡುವ 80ನೆಯ ಪೋರ್ಟಿನಿಂದಲೇ ಹಾದುಹೋಗುತ್ತಿತ್ತು. ಅದನ್ನು ಮುಚ್ಚಿದರೆ ಕಚೇರಿಯನ್ನೇ ಮುಚ್ಚಿದಂತೆ!

ಆದರೆ ವೇಗದ ವಿಚಾರ ಗೌಣ. ಆ ಯಂತ್ರದ ಮುಂದೆ ಕುಳಿತು ಹಂಚಿಕೆಯ ಫೋಲ್ಡರನ್ನು ತೆರೆದಾಗ ಎದೆ ಝಲ್ಲೆಂದಿತು. ಹಾಡುಗಳ ಜೊತೆಗೆ ನಮ್ಮ ಗ್ರಾಹಕರ ಆದಾಯ ತೆರಿಗೆಯ ಕಾಗದಪತ್ರಗಳೂ ಲೋಕಕ್ಕೆಲ್ಲ ತೆರೆದುಕೊಂಡಿದ್ದವು. ಬಳಸುತ್ತಿದ್ದವನು ಹಾಡುಗಳಿಗೆಂದು ಗುರುತು ಮಾಡುವಾಗ, ದಾಖಲೆಗಳ ಇಡೀ ಫೋಲ್ಡರನ್ನೇ ಗುರುತು ಮಾಡಿಬಿಟ್ಟಿದ್ದ. ಇದು ಅವನೊಬ್ಬನ ಪ್ರಮಾದವಲ್ಲ. ಕಜಾ ಬಳಸುವ ಎಷ್ಟೋ ಜನ ತಮಗರಿವಿಲ್ಲದೆಯೇ ಖಾಸಗಿ ಕಡತಗಳನ್ನು ಹಂಚುತ್ತಿದ್ದಾರೆಂದು ಎಚ್‌ಪಿ ಪ್ರಯೋಗಾಲಯದ ಅಧ್ಯಯನವೊಂದು 2002ರಲ್ಲಿಯೇ ತೋರಿಸಿತ್ತು.

ಆತ ಧಾರವಾಡದ ಕಡೆಯ ಹುಡುಗ. ಕರೆದು ಕೇಳಿದೆ. “ಹಳೇ ಕನ್ನಡ ಹಾಡು ಹುಡುಕಾಕ ಹಾಕಿದ್ದೆರಿ ಸರ್, ಇಲ್ಲಿ ಯಾವ ಅಂಗಡ್ಯಾಗೂ ಸಿಗಂಗಿಲ್ಲ” ಎಂದ. ಗದರಿಸಲು ನಾಲಗೆ ಏಳಲಿಲ್ಲ. ಆ ಹಸಿವು ಹೊರನಾಡಿನಲ್ಲಿರುವ ನಮ್ಮಲ್ಲಿ ಯಾರಿಗೆ ಅಪರಿಚಿತ? ಹಾಗೆಂದು, ಅನುಮತಿಯಿಲ್ಲದೆ ಹಾಡು ಹಂಚುವುದು 1957ರ ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧವೆಂಬುದನ್ನೂ, ಹಾಡು ಕಟ್ಟಿದವರ ಅನ್ನಕ್ಕೆ ಅದು ಸಂಚಕಾರವೆಂಬುದನ್ನೂ ಮರೆಯುವಂತಿರಲಿಲ್ಲ. ಯಜಮಾನರು ಅವನನ್ನು ಕೆಲಸದಿಂದ ತೆಗೆಯಲು ಹೊರಟರು. ತಪ್ಪಿನಲ್ಲಿ ಅರ್ಧ ನನ್ನದೆಂದು ಒಪ್ಪಿಕೊಂಡೆ. ಬಂದಬಂದವರಿಗೆಲ್ಲ ತಂತ್ರಾಂಶ ಅಳವಡಿಸುವ ಅಧಿಕಾರ ಕೊಟ್ಟಿದ್ದವನು ನಾನೇ.

ಅಂದೇ ಆ ಅಧಿಕಾರವನ್ನು ಎಲ್ಲರ ಖಾತೆಗಳಿಂದಲೂ ಹಿಂತೆಗೆದುಕೊಂಡೆ, ನನ್ನ ದಿನನಿತ್ಯದ ಖಾತೆಯಿಂದಲೂ. ಯಾವ ಯಂತ್ರದಿಂದ ಎಷ್ಟು ಹೊರಹೋಗುತ್ತಿದೆ ಎಂದು ದಿನವೂ ನೋಡತೊಡಗಿದೆ. ಒಳಬರುವುದನ್ನು ಎಲ್ಲರೂ ನೋಡುತ್ತಾರೆ, ಕಳ್ಳ ಸಿಗುವುದು ಹೊರಹೋಗುವುದರಲ್ಲಿ.

ಕಜಾ ಇಂದಿಲ್ಲ. 2001ರಲ್ಲಿ ಬಂದ ಬಿಟ್‌ಟೊರೆಂಟ್ ಉಳಿದಿದೆ. ಅದು ಗೂಢಲಿಪಿಯ ಮುಸುಕು ಹಾಕಿಕೊಳ್ಳಬಲ್ಲದಾದ್ದರಿಂದ ಬರೀ ಪೋರ್ಟು ಮುಚ್ಚಿ ಪ್ರಯೋಜನವಿಲ್ಲ. ಲಿನಕ್ಸಿನಂತಹ ಮುಕ್ತ ತಂತ್ರಾಂಶಗಳೂ ಅದರ ಮೂಲಕ ನ್ಯಾಯವಾಗಿಯೇ ಹಂಚಿಕೆಯಾಗುವುದರಿಂದ ಅದನ್ನೇ ಪಾಪಿಯೆನ್ನಲಾರೆ. ಮನೆಯಲ್ಲಿ ಒಂದು ಕೆಲಸ ತಪ್ಪದೆ ಮಾಡಿ: ರೌಟರಿನಲ್ಲಿ ಯುಪಿಎನ್‌ಪಿ ಎಂಬ ಸೌಲಭ್ಯವಿರುತ್ತದೆ. ಅದು ತಂತ್ರಾಂಶ ಕೇಳಿದೊಡನೆ, ಮನೆಯೊಡೆಯನನ್ನು ಕೇಳದೆ ಬಾಗಿಲು ತೆರೆಯುತ್ತದೆ. ಅದನ್ನು ನಿಲ್ಲಿಸಿ, ಬಂದ ನೆಂಟರಿಗೆ ಬೇರೆಯೇ ವೈ-ಫೈ ಕೊಡಿ.

ಆ ಹುಡುಗನ ಕೆಲಸ ಉಳಿಯಿತು. ಮುಂದಿನ ಸಲ ಊರಿಗೆ ಹೋದಾಗ ಹುಬ್ಬಳ್ಳಿಯ ಅಂಗಡಿಯಿಂದ ಅವನಿಗೆ ಬೇಕಾದ ಹಾಡುಗಳ ಮೂರು ಕ್ಯಾಸೆಟ್ಟು ತಂದುಕೊಟ್ಟೆ. ಕೇಳಲು ಅವನ ಕೋಣೆಯಲ್ಲಿ ಟೇಪ್ ರೆಕಾರ್ಡರೇ ಇರಲಿಲ್ಲ. ಭಾನುವಾರಗಳಂದು ನಮ್ಮ ಮನೆಗೆ ಬಂದು ಕೇಳುತ್ತಿದ್ದ.